ನಮ್ಮ ಬಾವಿ ಪರೀಕ್ಷೆಗೆ ಕೂತದ್ದು

ವಿಜ್ಞಾನದಲ್ಲಿ ನನಗಿರುವ ನಂಬಿಕೆ ಎಂಥದ್ದೆಂದರೆ, ಅದು ಏನು ಹೇಳುತ್ತಿದೆ ಎಂದು ಅರ್ಥವಾಗುವ ಮೊದಲೇ ನಾನು ಒಪ್ಪಿಕೊಂಡಿರುತ್ತೇನೆ. ನಮ್ಮ ಮನೆಗೆ ಮೊದಲು ಥರ್ಮಾಮೀಟರ್ ತಂದವನು ನಾನು. ಶುದ್ಧವಾಗಿರಲೆಂದು ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ಒಡೆದವನೂ ನಾನೇ. ಆಗ ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಮನೆ ಊರಾಚೆ, ತೆಂಗಿನ ತೋಟದ ಅಂಚಿನಲ್ಲಿ. ಹಿತ್ತಲಲ್ಲಿ ತಾತ ತೋಡಿಸಿದ ಬಾವಿ. ಅದರಲ್ಲಿ ನೀರು, ಪಾಚಿ ಮತ್ತು ನಾಲ್ಕಾರು ಕಪ್ಪೆಗಳು ಮೂರು ತಲೆಮಾರಿನಿಂದ ಹೊಂದಿಕೊಂಡು ಬಾಳುತ್ತಿದ್ದವು.

ಎಂಬತ್ತರ ದಶಕದ ಆ ದಿನಗಳಲ್ಲಿ ಒಬ್ಬ ಹೆಲ್ತ್ ಇನ್ಸ್‌ಪೆಕ್ಟರು ಆಗಾಗ ಮಂಡಿಗೆ ಬಂದು ಕೂರುತ್ತಿದ್ದರು. ಒಮ್ಮೆ ಅವರು, "ಕೆಲವು ಕಡೆ ನೀರಲ್ಲಿ ಫ್ಲೋರೈಡ್ ಅಂತ ಇರುತ್ತೆ ಕಣ್ರೀ. ಕಣ್ಣಿಗೆ ಕಾಣಲ್ಲ, ನಾಲಗೆಗೆ ತಿಳಿಯಲ್ಲ. ಹಲ್ಲು ಬರೋ ವಯಸ್ಸಿನ ಮಕ್ಕಳು ಕುಡಿದ್ರೆ ಹಲ್ಲಿಗೆ ಕಂದು ಕಲೆ ಬೀಳುತ್ತೆ. ಆಮೇಲೆ ಏನು ಉಜ್ಜಿದ್ರೂ ಹೋಗಲ್ಲ" ಎಂದರು. ನನ್ನ ಮಗಳು ಗಿರಿಜೆಗೆ ಮುಂದಿನ ಎರಡೂ ಹಾಲುಹಲ್ಲು ಬಿದ್ದು, ಬಾಯಿ ತೆರೆದ ಬಾಗಿಲಿನಂತಿದ್ದ ಕಾಲ ಅದು. ನನಗೆ ನಿಜವಾಗಿ ಭಯವಾಯಿತು. ಅವರಿಂದ ಒಂದು ಕ್ಯಾನು ಈಸಿಕೊಂಡು ಮನೆಗೆ ಬಂದು, "ಅವ್ವ, ನಮ್ಮ ಬಾವಿ ನೀರಿನ ಮಾದರಿ ಬೇಕಂತೆ, ತುಮಕೂರಿಗೆ ಪರೀಕ್ಷೆಗೆ ಹೋಗುತ್ತೆ. ಬೆಳಿಗ್ಗೆ ಇದನ್ನ ತುಂಬ್ಸಿಡು" ಎಂದೆ. ಬೆಳಿಗ್ಗೆ ತುಂಬಿದ ಕ್ಯಾನು ಜಗಲಿಯ ಮೇಲೆ ಕೂತಿತ್ತು. ಅವ್ವ ಅದಕ್ಕೆ ವಿಭೂತಿಯನ್ನೂ ಹಚ್ಚಿದ್ದಳು.

ವರದಿ ಬಂತು. ಫ್ಲೋರೈಡ್ ಮಿತಿಗಿಂತ ಹೆಚ್ಚು, ಕುಡಿಯಲು ಯೋಗ್ಯವಲ್ಲ. ನಾನು ಅದನ್ನು ಮನೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಅವ್ವನ ಮುಖ ಸಣ್ಣದಾಯಿತು. ವಿಜ್ಞಾನದ ಮಾತಿಗೆ ಅವ್ವ ಎದುರಾಡದೇ ಇದ್ದದ್ದು ಅದೇ ಮೊದಲು, ಹಾಗಾಗಿ ನನಗೆ ಸ್ವಲ್ಪ ಸಂತೋಷವೂ ಆಯಿತು.

ಅಂದೇ ಸಂಜೆಯಿಂದ ನಾನು ಪಕ್ಕದ ತೋಟದ ರುದ್ರಣ್ಣನ ಬೋರ್‌ವೆಲ್ಲಿನಿಂದ ನೀರು ಹೊರತೊಡಗಿದೆ. ಅವನು ಹೊಸದಾಗಿ ಕೊರೆಸಿದ ಬೋರ್ ಅದು. ನೀರು ಗಾಜಿನ ಹಾಗಿತ್ತು. ಅಷ್ಟಕ್ಕೂ ಸಮಾಧಾನವಾಗದೆ, ಮೂರು ಮಡಕೆಗಳನ್ನು ಒಂದರ ಮೇಲೊಂದು ಇಟ್ಟು, ಮರಳು, ತೆಂಗಿನ ಚಿಪ್ಪಿನ ಇದ್ದಿಲು ತುಂಬಿ ಪಡಸಾಲೆಯಲ್ಲಿ ಒಂದು ಫಿಲ್ಟರು ನಿಲ್ಲಿಸಿದೆ. ಮೊದಲ ವಾರ ಅದರಿಂದ ಮಸಿಯೇ ಇಳಿಯಿತು. ಹೆಂಡತಿ ಶಾಂತ ನನ್ನ ಬಿಳಿ ಪಂಚೆಗಳನ್ನು ಅಲ್ಲಿಂದ ಎತ್ತಿಟ್ಟಳು. "ಬೋರ್ ನೀರು ಬ್ಯಾಡ ಕಣಪ್ಪ" ಎಂದು ಅವ್ವ ಆಗೀಗ ಗೊಣಗುತ್ತಿದ್ದಳು. ನಾನು ವರದಿಯನ್ನು ಮತ್ತೊಮ್ಮೆ ಓದಿ ಹೇಳುತ್ತಿದ್ದೆ. ಹೇಗಿದ್ದರೂ ರಾತ್ರಿಯೊಳಗೆ ಫಿಲ್ಟರು ಖಾಲಿಯಾಗಿರುತ್ತಿತ್ತು, ಮನೆಯವರೆಲ್ಲ ದಾರಿಗೆ ಬಂದರೆಂದು ನಾನು ಹಿಗ್ಗುತ್ತಿದ್ದೆ.

ಮಗು ಮರೆತು ಸೇದಿ ಕುಡಿದೀತೆಂದು ಕೊನೆಗೆ ಬಾವಿಯನ್ನೇ ಮುಚ್ಚಿಸಲು ನಿಶ್ಚಯಿಸಿದೆ. ಗಾಡಿಯಲ್ಲಿ ಮಣ್ಣು ಬಂತು. ಆಳು ಮೊದಲ ಮಂಕರಿ ಎತ್ತುವಷ್ಟರಲ್ಲಿ ಅವ್ವ ಓಡಿಬಂದು ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು.

"ಮುಚ್ಚಬ್ಯಾಡ ಕಣೋ! ನಾನು ಕೊಟ್ಟಿದ್ದು ಈ ನೀರಲ್ಲ, ರುದ್ರಣ್ಣನ ಬೋರ್‌ದು."

ಆಳಿಗೆ ಮಂಕರಿ ಇಳಿಸಲು ಹೇಳಿ, ಯಾಕೆಂದು ಕೇಳಿದೆ.

"ನೀನೇ ಮಾದರಿ ಅಂದ್ಯಲ್ಲ. ಮಾದರಿಗೆ ಒಳ್ಳೇದನ್ನ ತಾನೇ ಕೊಡೋದು? ನಿಮ್ಮಪ್ಪ ಮಂಡಿಗೆ ಕೊಬ್ಬರಿ ಹಾಕುವಾಗ ಚೀಲದ ಬಾಯಿಗೆ ಬೆಳ್ಳಗಿರೋದನ್ನ ಜೋಡಿಸ್ತಿರಲಿಲ್ವಾ? ಈ ಪಾಚಿ ನೀರು ನೋಡಿ ತುಮಕೂರಿನೋರು ಏನಂದ್ಕಂತಾರೆ ನಮ್ಮ ಮನೇನ?"

ಚೀಲದ ಬಾಯಿಗೆ ಒಳ್ಳೆಯದನ್ನು ಜೋಡಿಸುವವರನ್ನು ಹಿಡಿಯುವುದೇ ನನ್ನ ಸಂಬಳದ ಕೆಲಸವಾಗಿತ್ತು. ಆದರೆ ಆ ಕ್ಷಣದಲ್ಲಿ ನಾಚಿಕೆಗಿಂತ ಮುಂಚೆ ಬಂದದ್ದು ಹೆದರಿಕೆ. ಮಗುವಿನ ಹಲ್ಲು ಉಳಿಸಲೆಂದು ಆ ವಿಷದ ನೀರನ್ನು ಹೆಗಲ ಮೇಲೆ ಹೊತ್ತು ತಂದವನು ನಾನೇ ಅಲ್ಲವೆ? ಗಿರಿಜೆಯನ್ನು ಕರೆದು ಬಾಯಿ ಅಗಲಿಸಿ ನೋಡಿದೆ. ಹೊಸ ಹಲ್ಲು ಬೆಳ್ಳಗೆ ಇಣುಕುತ್ತಿತ್ತು.

"ಮಗೀಗೆ ಆ ನೀರು ಕೊಡ್ತೀನಾ? ನಾವೆಲ್ಲ ಕುಡಿದಿದ್ದು ಬಾವೀದೇ. ನಿನ್ನ ಫಿಲ್ಟರ್ ನೀರನ್ನ ಕರಿಬೇವಿನ ಗಿಡಕ್ಕೆ ಹುಯ್ತಿದ್ದೆ" ಎಂದಳು ಅವ್ವ. ನಾನು ಮಗುವನ್ನು ಎತ್ತಿಕೊಂಡು ಬಾವಿಕಟ್ಟೆಯ ಮೇಲೆ ಕೂತೆ. ಕಣ್ಣು ಒದ್ದೆಯಾಗಿತ್ತು.

ಎರಡನೆಯ ಸಲ ನಾನೇ ಸೇದಿ, ನಾನೇ ಬಸ್ಸು ಹತ್ತಿ ತುಮಕೂರಿಗೆ ಕೊಟ್ಟು ಬಂದೆ. ನಮ್ಮ ಬಾವಿ ಪಾಸಾಯಿತು. ಉಳಿದದ್ದು ರುದ್ರಣ್ಣನಿಗೆ ಹೇಳುವ ಕೆಲಸ. ಅವನ ಮನೆಯವರ ಗತಿ ಏನೋ ಎಂದು ನೊಂದುಕೊಂಡೇ ಹೋಗಿ ವಿಷಯ ತಿಳಿಸಿದೆ.

"ಅಯ್ಯೋ ಬುಡಿ, ಅದನ್ನ ಯಾರು ಕುಡೀತಾರೆ?" ಎಂದ ಅವನು. "ತೋಟಕ್ಕೆ ಅಂತ ಕೊರೆಸಿದ್ದು. ಬ್ಯಾಳೆ ಕೂಡ ಬೇಯಲ್ಲ. ಕುಡಿಯೋಕೆ ನಮ್ಮೋಳು ನಿಮ್ಮವ್ವನ್ನ ಕೇಳಿ ನಿಮ್ಮ ಬಾವೀದೇ ತತ್ತಾಳೆ. ನೀವು ದಿನಾ ಸಂಜೆ ಹೊತ್ಕಂಡು ಹೋಗ್ತಿದ್ರಲ್ಲ, ಎಮ್ಮೆ ಗಿಮ್ಮೆ ತಂದಿದೀರೇನೋ ಅಂದ್ಕಂಡಿದ್ದೆ."



"ತಂದಿದ್ವಿ," ಎಂದೆ. "ಈಗ ಮಾರಿಬಿಟ್ವಿ."