ಬೂಷ್ಟು ಹಿಡಿಯದ ಸ್ಕೋಪಿನ ಮೇಲೊಂದು ದೂರು

ನಮ್ಮ ಅಡುಗೆಮನೆಯ ಕುಚ್ಚಲಕ್ಕಿ ಡ್ರಮ್ಮಿನಲ್ಲಿ ವಿರಾಜಮಾನರಾಗಿರುವ, ಮಂಜು ನಿರೋಧಕ, ನೀರು ನಿರೋಧಕ, ಆಘಾತ ನಿರೋಧಕ ಎಂದು ಪೆಟ್ಟಿಗೆಯ ಮೇಲೆಯೇ ಬಿರುದಾವಳಿ ಬರೆಸಿಕೊಂಡು ಬಂದಿರುವ ರೈಫಲ್ ಸ್ಕೋಪ್ ಮಹಾಶಯರ ಸನ್ನಿಧಿಗೆ, ಮೂಡುಬಿದಿರೆಯ ವಿಮಲಾ ಸಂಪತ್‌ಕುಮಾರ ಮಾಡುವ ವಿನಯಪೂರ್ವಕ ವಂದನೆಗಳು.

ಮಾನ್ಯರೇ,

ನಾವಿಲ್ಲಿ ಕ್ಷೇಮ. ತಾವೂ ಕ್ಷೇಮವಾಗಿದ್ದೀರೆಂದು ಇಂದು ಬೆಳಿಗ್ಗೆ ಅನ್ನಕ್ಕೆ ಅಕ್ಕಿ ಅಳೆಯುವಾಗ ಬೆರಳಿಗೆ ತಾಗಿದ್ದರಿಂದ ತಿಳಿದು ಸಂತೋಷವಾಯಿತು. ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ತಾವು ಬೇಸರಿಸಬಾರದು. ಮೂಡುಬಿದಿರೆಯಿಂದ ವಾಮದಪದವಿನವರೆಗೆ ತಮ್ಮೊಳಗೆ ಒಂದು ಕಣ್ಣು ಇಟ್ಟು ನೋಡದವರು ಯಾರೂ ಉಳಿದಿಲ್ಲವಾದ್ದರಿಂದ ನಮ್ಮ ನಡುವೆ ಗುಟ್ಟು ಎನ್ನುವಂಥದ್ದು ಏನೂ ಇಲ್ಲ. ದೂರು ಬರೆಯುವುದು ನನಗೆ ಹೊಸತೂ ಅಲ್ಲ. ತಮ್ಮ ಮೇಲೆ ಯಜಮಾನರು ಕಂಪನಿಗೆ ಕಳಿಸಿದ ದೂರುಗಳನ್ನೆಲ್ಲ ಅವರು ಹೇಳಿ ನಾನು ಬರೆದದ್ದು, ಏಕೆಂದರೆ ಈಚೆಗೆ ಅವರು ಬರೆದರೆ ಗೆರೆ ಹಾಕಿದ ಕಾಗದದಲ್ಲೂ ಅಕ್ಷರಗಳು ಗೆರೆಯ ಮೇಲೆ ಕೂರುತ್ತಿರಲಿಲ್ಲ. ಅದು ಪೆನ್ನಿನ ದೋಷವೆಂದು ಅವರ ನಂಬಿಕೆಯಾಗಿತ್ತು. ಕಂಪನಿಯಿಂದ ಒಂದಕ್ಕೂ ಉತ್ತರ ಬರಲಿಲ್ಲ, ಬಹುಶಃ ಅಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ತಾವಾದರೋ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಕಳೆದವರು, ಇಷ್ಟರಲ್ಲಿ ಕಲಿತಿರಬಹುದು.

ನನ್ನ ದೂರು ಇಷ್ಟೇ. ತಮ್ಮ ಗಾಜು ಮೊದಲ ದಿನದಿಂದಲೂ ನಿರ್ಮಲವಾಗಿತ್ತು, ಅದರಲ್ಲಿ ಎಳ್ಳಷ್ಟೂ ಮಂಜಿರಲಿಲ್ಲ, ಆದರೆ ತಾವು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ತಾವು ಹೇಳದೆ ಉಳಿದದ್ದರಿಂದ ನನ್ನ ಗಂಡನ ಬಲಗಣ್ಣು ಹೋಗುವುದರಲ್ಲಿತ್ತು, ಅದರ ಜೊತೆಗೆ ಒಂದು ವ್ರತವೂ.

ವ್ರತದ ವಿಷಯ ತಮಗೆ ತಿಳಿದಿರಲಾರದು. ನನ್ನ ಮಾವನವರ ಕಾಲದ ಪಾಯಿಂಟ್ ಟೂಟೂ ರೈಫಲ್ಲಿನ ಪರವಾನಗಿ ಯಜಮಾನರ ಹೆಸರಿಗೆ ಬಂದ ದಿನ ಇವರು ಬಸದಿಗೆ ಹೋಗಿ, ಜೀವವಿರುವ ಯಾವುದರ ಕಡೆಗೂ ಇದರ ನಳಿಗೆ ತಿರುಗಿಸುವುದಿಲ್ಲವೆಂದು ಕೈಮುಗಿದು ಬಂದವರು. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ದೀಪಕ್ಕೆ ಹುಳು ಬೀಳುತ್ತದೆಂದು ಊಟವನ್ನೇ ಮಾಡದವರು. ಹಂದಿ ಬಂತು, ಮಂಗ ಬಂತು ಎಂದು ಅಕ್ಕಪಕ್ಕದ ಕೃಷಿಕರು ಎಷ್ಟು ಕರೆದರೂ ಇವರು ಹೋದವರಲ್ಲ. ಇವರು ಗುರಿ ಇಡುವುದು ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ ವಾಮದಪದವಿನ ಧರ್ಣಪ್ಪನವರ ಗದ್ದೆಯಲ್ಲಿ ಸ್ಪರ್ಧೆಗೆಂದು ಕಟ್ಟುವ ತೆಂಗಿನಕಾಯಿಗೆ ಮಾತ್ರ. ಗದ್ದೆಯ ಆ ತುದಿಯಲ್ಲಿ, ನಿಂತವರು ಯಾರೆಂದು ತಿಳಿಯಲು ಕಣ್ಣು ಕಿರಿದು ಮಾಡಬೇಕಾದಷ್ಟು ದೂರದಲ್ಲಿ, ಗೋಡೆಯಂತೆ ನಿಂತ ಕೆಂಪು ಮಣ್ಣಿನ ಎತ್ತರದ ಬರೆಯ ಮುಂದೆ ಹಗ್ಗದಲ್ಲಿ ತೂಗುವ ಆ ಕಾಯಿಯನ್ನು ಇವರು ಬರಿಗಣ್ಣಿನಲ್ಲಿ ಒಡೆದು, ಕಾಯಿಯ ಹೋಳನ್ನು ಪ್ರಸಾದದಂತೆ ಮನೆಗೆ ತರುತ್ತಿದ್ದರು. ನಾನು ಅದರಲ್ಲಿ ಚಟ್ನಿ ಅರೆಯುತ್ತಿದ್ದೆ.

ಆಮೇಲೆ ಚಟ್ನಿ ನಿಂತುಹೋಯಿತು. ಕಾಯಿ ಒಡೆಯಲಿಲ್ಲ, ಮರುವರ್ಷವೂ ಒಡೆಯಲಿಲ್ಲ. ರೈಫಲ್ಲಿಗೆ ವಯಸ್ಸಾಯಿತು, ಇನ್ನು ಸ್ಕೋಪ್ ಹಾಕದೆ ಆಗುವುದಿಲ್ಲವೆಂದು ಯಜಮಾನರು ತೀರ್ಮಾನಿಸಿ, ನಮ್ಮ ಪಂಪ್‌ಸೆಟ್ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಮೊಬೈಲಿನಲ್ಲಿ ಹುಡುಕಲು ಆರಂಭಿಸಿದರು. ಬೆಳ್ತಂಗಡಿಯಲ್ಲಿರುವ ಮಗಳು ಸುಪ್ರೀತಾ ಆ ಮೊಬೈಲಿನ ಅಕ್ಷರವನ್ನು ಇವರ ಅಪ್ಪಣೆಯಂತೆ ದೊಡ್ಡದು ಮಾಡಿ, ಮತ್ತೂ ದೊಡ್ಡದು ಮಾಡಿ, ಕೊನೆಗೆ ಒಂದು ಪರದೆಗೆ ಒಂದೇ ಶಬ್ದ ಹಿಡಿಸುವಲ್ಲಿಗೆ ತಂದು ಕೊಟ್ಟಿದ್ದಳು. ಹೀಗೆ ಶಬ್ದಕ್ಕೆ ಶಬ್ದ ಪೋಣಿಸಿ ಅವರು ಸ್ಕೋಪುಗಳ ಶಾಸ್ತ್ರವನ್ನೇ ಓದಿ ಮುಗಿಸಿದರು. ದುಬಾರಿಯದ್ದು ತೆಗೆದುಕೊಳ್ಳುವುದು ಅವರ ಸ್ವಭಾವಕ್ಕೆ ಒಗ್ಗುವುದಿಲ್ಲ. ವರ್ಷಕ್ಕೊಂದು ತೆಂಗಿನಕಾಯಿಗೆ ಯಾರಾದರೂ ಸ್ಕೂಟರಿನ ಕ್ರಯ ಕೊಡುತ್ತಾರೆಯೇ ಎನ್ನುವುದು ಅವರ ವಾದ, ಅದರಲ್ಲಿ ನನಗೂ ತಕರಾರಿಲ್ಲ.

ತಮ್ಮ ಹಿರಿಯಣ್ಣ ಮೊದಲು ಬಂದರು, ಎಲ್ಲಕ್ಕಿಂತ ಅಗ್ಗದವರು. ಮಂಜು ಮಂಜಾಗಿ ಕಾಣುತ್ತದೆಂದು ವಾಪಸ್ ಹೋದರು. ಎರಡನೆಯವರು ದೂರದ್ದನ್ನು ಮತ್ತಷ್ಟು ಹತ್ತಿರ ತೋರಿಸುವವರು. ಅವರು ಮಂಜನ್ನೂ ಹತ್ತಿರ ತೋರಿಸಿದರೆಂಬ ಆರೋಪದ ಮೇಲೆ ಹಿಂದಕ್ಕೆ ಹೋದರು. ಅಗ್ಗದ ಗಾಜಿನಲ್ಲಿ ದೊಡ್ಡದು ಮಾಡಿದಷ್ಟೂ ಮಬ್ಬಾಗುತ್ತದೆಂದು ಯಾವುದೋ ವೀಡಿಯೊದಲ್ಲಿ ಯಾರೋ ಹೇಳಿದ್ದು ಯಜಮಾನರಿಗೆ ವೇದವಾಕ್ಯವಾಯಿತು. ಕೊನೆಗೆ ಅಗ್ಗವೂ ಅಲ್ಲದ ದುಬಾರಿಯೂ ಅಲ್ಲದ, ಪಕ್ಕದಲ್ಲೊಂದು ತಿರುಗಿಸುವ ಗುಂಡಿ ಇರುವ ತಮ್ಮನ್ನು ಆರಿಸಿದರು. ತಾವು ಬಂದದ್ದು ಆಟಿ ತಿಂಗಳ ಮಳೆಯಲ್ಲಿ. ತಮ್ಮ ದುರದೃಷ್ಟಕ್ಕೆ ಅದೇ ಮೂಲವೆಂದು ನನ್ನ ಅಭಿಪ್ರಾಯ.

ಮಹಾಶಯರೇ, ನಮ್ಮ ಕಡೆ ಆಟಿಯಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ. ಚಪ್ಪಲಿಗೆ ಹಿಡಿಯುತ್ತದೆ, ಬೆಲ್ಟಿಗೆ ಹಿಡಿಯುತ್ತದೆ, ಕಪಾಟಿನಲ್ಲಿರುವ ಮಗಳ ಪದವಿ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿದರೂ ಹಿಡಿಯುತ್ತದೆ. ಆದ್ದರಿಂದ ಯಜಮಾನರು ತಮ್ಮೊಳಗೆ ಕಣ್ಣಿಟ್ಟು ಬಿಳಿ ಬಿಳಿ ಕಂಡಾಗ ಅದು ಬೂಷ್ಟಲ್ಲದೆ ಬೇರೇನಾದರೂ ಆಗಿರಬಹುದೆಂಬ ಸಂಶಯ ಅವರಿಗೂ ಬರಲಿಲ್ಲ, ಊರಿಗೂ ಬರಲಿಲ್ಲ. ತಮ್ಮನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟದ್ದು, ಬಿಸಿಲು ಬಂದಾಗ ಹಪ್ಪಳದ ಜೊತೆ ಚಾಪೆಯಲ್ಲಿ ಒಣಗಿಸಿದ್ದು, ತೇವ ಎಳೆಯಲೆಂದು ಅಕ್ಕಿಯೊಳಗೆ ಹೂತದ್ದು, ಇದೆಲ್ಲವನ್ನೂ ತಾವು ತುಟಿಪಿಟಕ್ಕೆನ್ನದೆ ಸಹಿಸಿದಿರಿ. ಅಷ್ಟು ಸಹನೆ ನಮ್ಮ ಮುನಿಗಳಲ್ಲಿ ಮಾತ್ರ ಉಂಟೆಂದು ನಾನು ತಿಳಿದಿದ್ದೆ.

ಪಾಣೆಮಂಗಳೂರಿನಲ್ಲಿ ಕ್ಯಾಮರಾ ರಿಪೇರಿ ಮಾಡುವ ಇಬ್ರಾಹಿಂ ಖಲೀಲ್ ತಮ್ಮನ್ನು ಸೇತುವೆಯ ಕಡೆಗೆ ತಿರುಗಿಸಿ ನೋಡಿ, "ಬೂಷ್ಟು ಸಣ್ಣಕ್ಕೆ ಉಂಟು ಸಂಪತಣ್ಣ, ಒರೆಸಿ ಕೊಡ್ತೇನೆ" ಎಂದ. ಯಜಮಾನರು ಕಾರು ತಿರುಗಿಸಲು ಹೋದಾಗ ನನ್ನ ಹತ್ತಿರ ಮೆಲ್ಲಗೆ, "ಅಕ್ಕ, ಇದರಲ್ಲಿ ಆಚೆ ದಡದಲ್ಲಿ ನಿಂತ ಬಸ್ಸಿನ ನಂಬರು ಕಾಣ್ತದೆ. ಅಣ್ಣನ ಹತ್ರ ಹೇಗೆ ಹೇಳುವುದು?" ಎಂದು ಕೇಳಿದ. ಧರ್ಣಪ್ಪನವರೂ ನೋಡಿ ಹೌದು ಹೌದು, ಸ್ವಲ್ಪ ಮಬ್ಬು ಉಂಟು ಎಂದರು. ದೊಡ್ಡವರು ಕಂಡೆ ಎಂದದ್ದನ್ನು ಇಲ್ಲ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹೀಗೆ ಎಲ್ಲರೂ ತಮ್ಮೊಳಗೆ ಇಲ್ಲದ ಬೂಷ್ಟನ್ನು ಕಂಡು, ಇವರ ಕಣ್ಣಲ್ಲಿ ಇದ್ದ ಪೊರೆಯನ್ನು ಕಾಣದೆ ಹೋದರು.

ನಾನು ಹೇಳಲಿಲ್ಲವೆಂದಲ್ಲ. ಮಂಗಳೂರಿನ ಕಣ್ಣಿನ ಡಾಕ್ಟರಲ್ಲಿಗೆ ಹೋಗುವ ಎಂದು ಊಟಕ್ಕೆ ಬಡಿಸುವಾಗ, ಕಾರಿನಲ್ಲಿ, ಬಸದಿಯ ಮೆಟ್ಟಿಲಲ್ಲಿ ಹೇಳಿದ್ದೇನೆ. "ಗಾಜಿನ ದೋಷಕ್ಕೆ ಮನುಷ್ಯನಿಗೆ ಮದ್ದು ಮಾಡ್ಲಿಕ್ಕೆ ಉಂಟಾ ಮಾರಾಯ್ತಿ?" ಎಂದು ಅವರು ಶಾಂತವಾಗಿ ಕೇಳಿ, ಮತ್ತೊಂದು ದೂರಿಗೆ ಕಾಗದ ತರಲು ಹೇಳುತ್ತಿದ್ದರು. ಅವರಿಗೆ ಹೆದರಿಕೆಯಿತ್ತು. ಮಾವನವರು ಕೊನೆಯ ಕಾಲದಲ್ಲಿ ಗೋಡೆ ಹಿಡಿದು ನಡೆದದ್ದನ್ನು ಕಂಡವರು ಅವರು. ಅದನ್ನು ನಾನು ಬಲ್ಲೆ, ಆದ್ದರಿಂದ ಹೆಚ್ಚು ಬಯ್ಯಲೂ ಆಗುತ್ತಿರಲಿಲ್ಲ, ಸುಮ್ಮನಿರಲೂ ಆಗುತ್ತಿರಲಿಲ್ಲ.

ಇನ್ನು ಈ ವರ್ಷದ ಸ್ಪರ್ಧೆಗೆ ಬರುತ್ತೇನೆ, ಅದಕ್ಕೆ ತಾವೇ ಪ್ರತ್ಯಕ್ಷ ಸಾಕ್ಷಿ. ತಾವು ರೈಫಲ್ಲಿನ ಮೇಲೆ ಕುಳಿತು ಹೊಳೆಯುತ್ತಿದ್ದಿರಿ. ಯಜಮಾನರು ಗದ್ದೆಯ ಹುಣಿಯಲ್ಲಿ, ಎಂದರೆ ಬದುವಿನ ಮೇಲೆ, ಮರಳಿನ ಚೀಲಕ್ಕೆ ನಳಿಗೆ ಒರಗಿಸಿ, ಗುಂಡಿ ತಿರುಗಿಸಿ, ಗುರಿ ಇಟ್ಟರು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಪಿಕಳಾರ ಹಕ್ಕಿ ಹಾರಿ ಬಂದು, ತೂಗುವ ತೆಂಗಿನಕಾಯಿಯ ಮೇಲೆಯೇ ಕುಳಿತು ಜುಟ್ಟು ಎತ್ತಿತು. ನೋಡುತ್ತಿದ್ದವರೆಲ್ಲ ಅದನ್ನು ಕಂಡರು. ಯಾರೂ ಮಾತಾಡಲಿಲ್ಲ. ಸಂಪತಣ್ಣ ಜೈನರು, ಹಕ್ಕಿ ಹಾರಿಹೋಗಲೆಂದು ಕಾಯುತ್ತಿದ್ದಾರೆ, ಈಗ ಮಾತಾಡಿದರೆ ಅವರ ಏಕಾಗ್ರತೆಗೆ ಭಂಗ ಬರುತ್ತದೆಂದು ಎಲ್ಲರೂ ಉಸಿರು ಬಿಗಿಹಿಡಿದು ಮರ್ಯಾದೆಯಿಂದ ನಿಂತರು. ಅವರ ತಾಳ್ಮೆಯನ್ನು ಕಂಡು ನನಗೂ ಹೆಮ್ಮೆಯೆನಿಸಿತು. ಆಗ ಅವರು ಗುಂಡು ಹೊಡೆದರು.

ಬರೆಯಿಂದ ಕೆಂಪು ಧೂಳು ಎದ್ದಿತು. ಕಾಯಿ ಹಾಗೆಯೇ ಇತ್ತು, ಹಕ್ಕಿ ಚೀರಿಕೊಂಡು ಹಾರಿತು. ಯಜಮಾನರು ತಮ್ಮಿಂದ ಕಣ್ಣು ತೆಗೆದು, "ಎಂತ ಹಾರಿದ್ದು?" ಎಂದು ಕೇಳಿದರು. ಧರ್ಣಪ್ಪನವರು, "ಏನಿಲ್ಲ ಸಂಪತಣ್ಣ, ಗಾಳಿಗೆ ಎಲೆ" ಎಂದರು.

"ಎಲೆ ಕೂಗ್ತದಾ ಧರ್ಣಪ್ಪ?" ಎಂದರು ಯಜಮಾನರು. ಅವರ ಕಿವಿ ಚೆನ್ನಾಗಿದೆ.

ಆಮೇಲೆ ಅವರು ಉಳಿದ ಗುಂಡು ತೆಗೆದು, ರೈಫಲ್ಲನ್ನು ಚಾಪೆಯ ಮೇಲೆ ಮಲಗಿಸಿ, ಹುಣಿಯಲ್ಲಿ ಕುಳಿತರು. ತಮ್ಮನ್ನು ಬಯ್ಯಲಿಲ್ಲ. ಗಾಜು ಎನ್ನಲಿಲ್ಲ, ಬೂಷ್ಟು ಎನ್ನಲಿಲ್ಲ. ನಾನು ಹತ್ತಿರ ಹೋದಾಗ, "ಅದು ಕಾಯಿಯ ಮೇಲೆಯೇ ಇತ್ತಾ?" ಎಂದು ಕೇಳಿದರು, ಇತ್ತು ಎಂದೆ. "ನನಗೆ ಕಾಣಲಿಲ್ಲ ವಿಮಲಾ" ಎಂದರು. ಆ ಸಂಜೆ ಊಟಕ್ಕೆ ಕುಳಿತಾಗ, "ಆ ಡಾಕ್ಟರಲ್ಲಿಗೆ ಹೋಗುವ" ಎಂದು ತಾವಾಗಿಯೇ ಹೇಳಿದರು. ಪೊರೆ ಚೆನ್ನಾಗಿ ಬಲಿತಿದೆ, ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿ ಆಪರೇಶನ್ನಿಗೆ ದಿನ ಕೊಟ್ಟಿದ್ದಾರೆ.

ಆದ್ದರಿಂದ ಮಹಾಶಯರೇ, ನನ್ನ ಅಲ್ಪ ಬೇಡಿಕೆಗಳನ್ನು ತಾವು ದಯಮಾಡಿ ಪರಿಗಣಿಸಬೇಕು. ಮುಂದೆ ತಮ್ಮ ವಂಶದಲ್ಲಿ ಹುಟ್ಟುವ ಸ್ಕೋಪುಗಳಿಗೆ, ದುಬಾರಿಯವರಿಗೆ ಬೇಡ, ನಮ್ಮಂಥವರ ಕೈಗೆ ಎಟಕುವವರಿಗೆ ಮಾತ್ರ, ಒಂದು ಬಾಯಿ ಇಡಿಸಬೇಕು. ಕಣ್ಣು ಇಟ್ಟೊಡನೆ ಅದು, ಮಂಜು ನನ್ನಲ್ಲಿಲ್ಲ ಸ್ವಾಮಿ, ತಮ್ಮಲ್ಲಿದೆ ಎಂದು ಸಾಧ್ಯವಾದರೆ ತುಳುವಿನಲ್ಲೇ ಹೇಳಬೇಕು. ಧ್ವನಿ ಹೆಂಡತಿಯದಾಗಿರಬಾರದು, ಅದರಿಂದ ಆಗುವ ಪ್ರಯೋಜನವೆಷ್ಟೆಂದು ನಾನು ಕಂಡಿದ್ದೇನೆ. ಗುರಿಯ ಮೇಲೆ ಹಕ್ಕಿ ಕುಳಿತಾಗ ಬಂದೂಕಿನ ಕುದುರೆ ತಾನಾಗಿ ಬಿಗಿದುಕೊಳ್ಳುವ ಏರ್ಪಾಡೂ ಇರಲಿ. ಇವೆಲ್ಲ ಆಗದಿದ್ದರೆ, ಕೊನೆಯ ಪಕ್ಷ ಸುತ್ತ ನಿಂತವರ ಮರ್ಯಾದೆಯನ್ನು ಸ್ವಲ್ಪ ಕಡಿಮೆ ಮಾಡುವ ಒಂದು ಗುಂಡಿಯನ್ನು ಪಕ್ಕದಲ್ಲಿ ಇಡಿಸಿ. ಆ ಗುಂಡಿ ಇರುವ ಸ್ಕೋಪಿಗೆ ಸ್ಕೂಟರಿನ ಕ್ರಯವನ್ನೂ ನಾನು ಕೊಟ್ಟೇನು.

ತಮ್ಮ ಮೇಲೆ ಬರೆದ ಹಳೆಯ ದೂರುಗಳನ್ನೆಲ್ಲ ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ಮುಂದಿನ ಕೊಯ್ಲಿನವರೆಗೆ ಅಕ್ಕಿಯಲ್ಲಿ ಸುಖವಾಗಿರಬೇಕಾಗಿ ಪ್ರಾರ್ಥನೆ.

ಇನ್ನು ಮುಂದೆ ಅಳೆದು ನೋಡಿ ಅಕ್ಕಿ ತೆಗೆಯುವ,
ತಮ್ಮ ವಿಶ್ವಾಸಿ,
ವಿಮಲಾ ಸಂಪತ್‌ಕುಮಾರ
ಮೂಡುಬಿದಿರೆ

ತಾ.ಕ.: ಪತ್ರ ಮಡಚುವ ಮೊದಲೇ ಆಪರೇಶನ್ ಮುಗಿದು, ನಿನ್ನೆ ಪಟ್ಟಿ ಬಿಚ್ಚಿದರು. ಗೋಡೆಯ ಮೇಲಿನ ಅಕ್ಷರ ಓದಿ ಎಂದು ಡಾಕ್ಟರು ಹೇಳಿದರೆ, ಇವರು ಅದನ್ನು ಬಿಟ್ಟು ನನ್ನ ಕಡೆ ತಿರುಗಿ, ಬಹಳ ಹೊತ್ತು ನೋಡಿ, "ನೀನು ಯಾವಾಗ ಇಷ್ಟು ಮುದುಕಿ ಆದದ್ದು?" ಎಂದು ನಿಜವಾದ ಕಳವಳದಿಂದ ಕೇಳಿದರು. ಎಡಗಣ್ಣಿನಲ್ಲೂ ಪೊರೆ ಇದೆಯಂತೆ, ಬಲಗಣ್ಣಿನಷ್ಟು ಬಲಿತಿಲ್ಲವಂತೆ. ಅದಕ್ಕೆ ಏನೂ ಅವಸರವಿಲ್ಲವೆಂದು ಡಾಕ್ಟರಿಗೆ ನಾನೇ ಹೇಳಿ ಬಂದಿದ್ದೇನೆ.