ವಕೀಲ ಕಾಕಾನ ತಲೆ

ನನ್ನ ಕಾರು ಏರು ಕಂಡರೆ ನಿಲ್ಲುತ್ತಿತ್ತು. ಕಾರು ನಿಂತರೆ ನನ್ನ ಧರ್ಮಪತ್ನಿ ರುಕ್ಮಿಣಿಬಾಯಿ ಇಳಿದು ತಳ್ಳಬೇಕು. (ನಾನೇಕೆ ಇಳಿಯುತ್ತಿರಲಿಲ್ಲ ಎನ್ನಬೇಡಿ. ಸ್ಟೇರಿಂಗ್ ಹಿಡಿಯುವವರು ಯಾರು?) ಪೊಲೀಸ್ ಆಕ್ಷನ್ನಿನಲ್ಲಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಊರು ಬಿಟ್ಟು ಹೊರಟ ಸಾಹೇಬರೊಬ್ಬರಿಂದ ಅಗ್ಗಕ್ಕೆ ಕೊಂಡ ಪುಟ್ಟ ಗಾಡಿ ಅದು. ಎರಡು ವರ್ಷ ತಳ್ಳಿದಳು. ಒಂದು ದಿನ ಬೀದರಿನ ಏರಿನಲ್ಲಿ ಅದು ಅವಳ ಹೊಸ ಸೀರೆಗೆ ಹೊಗೆ ಉಗುಳಿತು. ಅವಳು ಅಲ್ಲಿಂದಲೇ ಔರಾದಿನ ಬಸ್ಸು ಹತ್ತಿದಳು.

"ಗಾಡಿ ತಾನ ಏರಿ ಹತ್ತಿದ ದಿನ ತವರಿಗಿ ಕರೀಲಿಕ್ಕ ಬರ್ರಿ. ಅಲ್ಲೀತನಕ ಒಲಿ ನಿಮ್ದೇ!"

ಹದಿನೈದು ದಿನ ನಾನೇ ಬೇಯಿಸಿದ ಅನ್ನ ತಿಂದೆ. ಅಂಥ ಶಿಕ್ಷೆ ನಿಜಾಮರ ಕಾಯಿದೆಯಲ್ಲೂ ಇರಲಿಲ್ಲ. ಅನ್ನ ಹಾಗಿರಲಿ, ಅವಳ ಬೈಗುಳವಿಲ್ಲದ ಮನೆ ನನಗೆ ಒಗ್ಗಲಿಲ್ಲ. ಮಿಸ್ತ್ರಿ ಶರಫೋದ್ದೀನನ ಬಳಿ ಓಡಿದೆ.

"ಸಾಬ್, ನಿಮ್ಮ ಗಾಡಿ ತಲಿ ಮಂದ ಅದ," ಎಂದ ಅವನು. ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೆ ಅವನು ತಲೆ ಎನ್ನುತ್ತಿದ್ದ. "ಭಾಲ್ಕಿ ವಕೀಲ್ ಸಾಬರ ಗಾಡಿ ತಲಿ ತಂದು ಕೂಡಿಸೂಣ, ಅದೂ ಇದೇ ಜಾತಿ ಗಾಡಿ. ಅದರೊಳಗ ಪೆಟ್ರೋಲ್ ಉರಿಯೋ ಖಾನಾ ಸಣ್ಣದು, ಹೊಡ್ತ ಜೋರು."

ಭಾಲ್ಕಿಯ ವಕೀಲರೆಂದರೆ ನನ್ನ ಅಪ್ಪನ ತಮ್ಮ, ಕಾಕಾ ಮಚ್ಛೇಂದ್ರರಾವ್. ನ್ಯಾಯಾಧೀಶರು ಸಾಕೆಂದರೂ ವಾದ ನಿಲ್ಲಿಸದ ಮಹಾನುಭಾವ. ಪ್ರತಿ ಮಾತಿನ ಕೊನೆಗೆ ಮೂರು ಸಲ ಕೆಮ್ಮುತ್ತಿದ್ದರು. ಆಕ್ಷನ್ನಿಗೆ ಮುಂಚಿನ ಗಲಾಟೆಯಲ್ಲಿ ತೀರಿಕೊಂಡರು.

ಮಟಮಟ ಮಧ್ಯಾಹ್ನ ಹೋದೆವು. ಅವರ ಹೆಂಡತಿ, ನಮ್ಮ ಕಾಕಿ, ಕೈಸನ್ನೆಯಲ್ಲೇ ಒಯ್ಯಿರಿ ಎಂದು ಒಳಗೆ ಹೋದಳು. ಬೇವಿನ ಮರದಲ್ಲಿ ಒಂದೆಲೆ ಅಲ್ಲಾಡಲಿಲ್ಲ. ಗಾಡಿಯ ಸೀಟಿನ ಮೇಲೆ ಬೆರಳುದ್ದ ಧೂಳು. ಚಾಲಕ ಕೂರುವ ಜಾಗದಲ್ಲಿ ಮಾತ್ರ ಇಲ್ಲ. ಮೂರು ವರ್ಷ ನಿಂತ ಇಂಜಿನ್ ಮುಟ್ಟಿದೆ. ಬೆಚ್ಚಗಿತ್ತು.

"ಬಿಸಲಿಗಿ ಕಾದದ," ಎಂದ ಶರಫೋದ್ದೀನ.

ಗಾಡಿ ನೆರಳಲ್ಲಿತ್ತು.

ತಲೆ ಬದಲಾದ ಗಾಡಿ ಜಿಂಕೆಯಂತೆ ಔರಾದಿಗೆ ಹಾರಿತು. ಮಾವನ ಮನೆ ಮುಂದೆ ಗತ್ತಿನಿಂದ ಕೀಲಿ ತಿರುಗಿಸಿ ಕೈಗೆ ತೆಗೆದುಕೊಂಡೆ. ಇಂಜಿನ್ ನಿಲ್ಲಲಿಲ್ಲ! ಠಕ್, ಠಕ್, ಠಕ್. ಒಂದು ಕ್ಷಣ ಬಿಡುವು. ಮತ್ತೆ ಠಕ್, ಠಕ್, ಠಕ್. ಅದೇ ಕೆಮ್ಮು. (ಇಂಜಿನ್ನಿನ ಒಳಗೆ ಕೆಂಡವಾದರೆ ಕೀಲಿ ಇಲ್ಲದೆಯೂ ಪೆಟ್ರೋಲು ಉರಿಯುತ್ತದೆಂದು ಶರಫೋದ್ದೀನ ಆಮೇಲೆ ಹೇಳಿದ. ಆಮೇಲೆ ಹೇಳಿ ಏನು ಪ್ರಯೋಜನ?)

"ಏನ್ರೀ ಇದು, ಯಾರ್ ಕೆಮ್ಲತ್ತಾರ?" ಎನ್ನುತ್ತ ಹೆಂಡತಿ ಹೊರಬಂದಳು.

"ಹೆದರಬ್ಯಾಡ. ನಮ್ಮ ವಕೀಲ ಕಾಕಾನ ತಲಿ," ಎಂದುಬಿಟ್ಟೆ ನಾನು, ಮಂಕು!

ಗಂಡನ ಕಾಕಾ ಎಂದರೆ ಅವಳಿಗೆ ಮಾವ. ಅವಳು ಥಟ್ಟನೆ ತಲೆ ತುಂಬ ಸೆರಗು ಹೊದ್ದು ಬದಿಗೆ ಸರಿದಳು. "ಅಯ್ಯ, ಮಾವನೋರ ಮುಂದ ಸೊಸಿ ಹ್ಯಾಂಗ ಕೂಡ್ಬೇಕ್ರಿ?" ಎಂದವಳು ಗಾಡಿಗೆ ಕೈಮುಗಿದಳು. "ಮಾವನೋರ, ಇವರು ಎರಡ್ ವರ್ಸ ನನ್ ಕೈಲಿ ಗಾಡಿ ತಳ್ಳಿಸ್ಯಾರ. ಇನ್ನಮ್ಯಾಲ ನಾ ಹೇಳ್ದಂಗ ಕೇಳಿದ್ರ ಅಷ್ಟೇ ಹೋಗ್ತೇನಿ. ಹೌದಲ್ರಿ?"

ಠಕ್, ಠಕ್, ಠಕ್. ಅಷ್ಟೇ. ನಿಂತಿತು.

"ಹೂಂ ಅಂದ್ರು," ಎಂದು ಬಾಗಿಲಲ್ಲಿ ನಿಂತಿದ್ದ ನನ್ನ ಅತ್ತೆ ಪಿಸುಗುಟ್ಟಿದರು.

ಕಾಕಾನ ಅಪ್ಪಣೆಯಾದ್ದರಿಂದ ಗಾಡಿ ಹತ್ತಿದಳು. ಬೀದರಿನ ಏರನ್ನೂ ಒಂದೇ ಉಸಿರಿಗೆ ಹತ್ತಿ ಮನೆ ಸೇರಿದೆವು. ಅಂದಿನಿಂದ ನಮ್ಮ ಅಂಗಳವೇ ಹೈಕೋರ್ಟು. ಜಗಳವಾದರೆ ನಾನು ಗಾಡಿ ಓಡಿಸಿ ತಂದು ಕೀಲಿ ತೆಗೆಯಬೇಕು, ಅವಳು ಸೆರಗು ಹೊದ್ದು ಫಿರ್ಯಾದು ಹೇಳಬೇಕು, ಕಾಕಾ ಕೆಮ್ಮಬೇಕು. ಒಂದು ಸಲವೂ ಸ್ವಂತ ಅಣ್ಣನ ಮಗನ ಪರ ಕೆಮ್ಮಲಿಲ್ಲ. ನನಗೂ ಆ ಗಾಡಿಯ ಹತ್ತಿರ ಒಬ್ಬನೇ ಹೋಗಲು ಭಯವಾಗತೊಡಗಿತು.

ಅವಳು ಸಂತೆಗೆ ಹೋದ ದಿನ ಗುಟ್ಟಾಗಿ ಶರಫೋದ್ದೀನನಿಂದ ನನ್ನ ಗಾಡಿಯ ಹಳೆಯ ತಲೆಯನ್ನೇ ಕೂಡಿಸಿದೆ. ಸಂಜೆ ದೀಪಾವಳಿಗೆ ಯಾರ ಮನೆಗೆ ಹೋಗುವುದೆಂದು ನಮ್ಮಿಬ್ಬರ ನಡುವೆ ಕಟ್ಲೆ ಶುರುವಾಯಿತು. ಗಾಡಿ ತಂದು ಕೀಲಿ ತೆಗೆದೆ. ಗಪ್‌ಚಿಪ್.

"ಮಾವನೋರ?" ಎಂದಳು. ಮತ್ತೊಮ್ಮೆ ಕರೆದಳು. ನಾನು ಮೀಸೆಯಡಿ ನಕ್ಕೆ.

"ರೀ... ಮಾವನೋರು ಹೋದ್ರು!" ಎಂದು ಎದೆ ಬಡಿದುಕೊಂಡು ಅತ್ತಳು. ನೆರೆಹೊರೆಯವರು ಕೂಡಿದರು. "ಅವರಿಗಿ ಗಂಡ್ಮಕ್ಕಳಿಲ್ಲ. ಆಗ ಗಲಾಟಿ ಅಂತ ನೀವು ಭಾಲ್ಕಿಗಿ ಹೋಗ್ಲಿಲ್ಲ, ಕರ್ಮ ಮಾಡ್ಲಿಲ್ಲ. ಅದಕ್ಕೇ ಗಾಡ್ಯಾಗ ಬಂದು ಕೂತಿದ್ರು. ಈಗರೆ ಮಾಡ್ರಿ!" ಎಂದಳು.

ನಿಜ ಹೇಳಿಬಿಟ್ಟರೆ ಅವಳು ಹತ್ತಲು ಔರಾದಿನ ಬಸ್ಸು ಇನ್ನೂ ಇತ್ತು. ಬಾಯಿ ಮುಚ್ಚಿಕೊಂಡು ಮರುದಿನ ಬೆಳಿಗ್ಗೆ ಗಾಡಿಯ ಮುಂದೆಯೇ ಮಣೆಯ ಮೇಲೆ ಕುಳಿತೆ.

ಕ್ಷೌರಿಕ ಕತ್ತಿ ಮಸೆದು, "ತಲಿ ಬಗ್ಗಿಸ್ರಿ," ಎಂದ.

ಬಗ್ಗಿಸಿದೆ.