ಎಂಬತ್ತು ಕಿಲೋಮೀಟರಿನ ಗುಂಗು

"ಈ ಗಾಡಿಯ ನರನಾಡಿ ನನಗೆ ಗೊತ್ತು. ಇದಕ್ಕೆ ಮೆಕ್ಯಾನಿಕ್ಕಿನ ಕೈ ತಾಗಿಸಿದರೆ ನನ್ನ ಹೆಸರು ಮೊಗೊರೊಸಿಯೇ ಅಲ್ಲ!"

ಮೋಚುದಿ ಎಂಬ ಊರಿನ ತನ್ನ ಅಂಗಳದಲ್ಲಿ, ಎರಡು ಕೋಳಿ ಹಾಗೂ ಒಬ್ಬ ಹೆಂಡತಿಯ ಸಮಕ್ಷಮದಲ್ಲಿ ಮೊಗೊರೊಸಿ ಹೀಗೆ ಘೋಷಿಸಿದ. ಕೋಳಿಗಳು ತಲೆಯಾಡಿಸಿದವು.

ಆ ಪಿಕಪ್ಪಿಗೆ ಇಪ್ಪತ್ತೇಳು ವರ್ಷ. ಊರಿನ ಅರ್ಧದಷ್ಟು ಮದುಮಕ್ಕಳನ್ನೂ ಅಷ್ಟೇ ಎತ್ತುಗಳನ್ನೂ ಹೊತ್ತು ಮೆರೆದ ಗಾಡಿ. ಕಲಹಾರಿಯ ಕಾಲು ಭಾಗ ಮರಳು ಅದರ ಬಾಗಿಲುಗಳ ಒಳಗೇ ಇತ್ತು. ಹೆಂಡತಿ ಬೊಸೆಲೆ ತಿದ್ದಿ ಹಾಡಿಸುವ ಚರ್ಚಿನ ಹಾಡುಗಾರರು ಭಾನುವಾರ ಅದರ ಹಿಂಭಾಗದಲ್ಲಿ ಕೂತು ತಾಲೀಮು ಮಾಡುತ್ತಲೇ ಊರೂರು ತಿರುಗುತ್ತಿದ್ದರು. ಅಂಥ ಗಾಡಿಗೆ ಗುಂಗು ಹಿಡಿದಿತ್ತು. ವೇಗ ಎಂಬತ್ತು ಮುಟ್ಟಿತೋ, ಸಾವಿರ ಜೇನು ಒಟ್ಟಿಗೆ ಜಪಕ್ಕೆ ಕೂತಂತೆ "ಗುಂಂಂಂ"!

ತಿಂಗಳ ಕೊನೆಗೆ ಸೆರೋವೆಯಲ್ಲಿ ಹಾಡಿನ ಸ್ಪರ್ಧೆ. ಹನ್ನೆರಡು ಜನರನ್ನು ಇದೇ ಗಾಡಿ ಒಯ್ಯಬೇಕು. ನಡುದಾರಿಯಲ್ಲಿ ಚಕ್ರ ಕಳಚಿದರೆ ಅವರು ನೇರ ಸ್ವರ್ಗದಲ್ಲೇ ಹಾಡಬೇಕಾದೀತು.

ಮೊಗೊರೊಸಿ ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದ. ಗುಂಂಂಂ! ಓಡುವಾಗಲೇ ಗೇರು ಬಿಡಿಸಿ ನೋಡಿದ. ಗುಂಂಂಂ! ಒಂದು ಡಬ್ಬಿ ಗ್ರೀಸ್ ಬಳಿದ. ಗುಂಗು ಇನ್ನಷ್ಟು ನಯವಾಯಿತು. ಎರಡು ವಾರದಲ್ಲಿ ಅದು ಅವನಿಗೂ ಹತ್ತಿಕೊಂಡು, ಗಂಜಿ ಕುಡಿಯುವಾಗಲೂ ಅದನ್ನೇ ಗುನುಗತೊಡಗಿದ.

ಕೊನೆಗೆ ಬೊಸೆಲೆ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದಳು. ಆ ಸೀಮೆಯಲ್ಲಿ ಗಂಡಸರನ್ನು 'ರ್ರಾ', ಹೆಂಗಸರನ್ನು 'ಮ್ಮಾ' ಎಂದು ಕರೆಯುವುದೇ ಮರ್ಯಾದೆ. "ರ್ರಾ, ಎಂಬತ್ತರಲ್ಲೇ ಇದ್ದು ಸ್ವಲ್ಪ ಎಡಕ್ಕೆ ಎಳೀರಿ. ಹೂಂ, ಈಗ ಬಲಕ್ಕೆ. ಸಾಕು. ಎಡಕ್ಕೆ ಹೊರಳಿದ್ರೆ ಗಟ್ಟಿಯಾಗುತ್ತೆ. ಆಗ ಭಾರ ಬೀಳೋದು ಬಲಗಡೆ. ಮುಂದಿನ ಬಲಚಕ್ರದ ಬೇರಿಂಗು."

"ಅದು ಚಕ್ರ ಕಣೇ ಮ್ಮಾ, ನಿನ್ನ ಹಾಡುಗಾರರಲ್ಲ!"

"ಹನ್ನೆರಡು ಜನರಲ್ಲಿ ಯಾರು ಸುಮ್ಮನೆ ಬಾಯಾಡಿಸ್ತಿದ್ದಾರೆ ಅಂತ ಬೆನ್ನು ತಿರುಗಿಸಿ ನಿಂತು ಹೇಳ್ತೀನಿ. ನಾಲ್ಕು ಚಕ್ರದಲ್ಲಿ ಕಳ್ಳ ಯಾರು ಅಂತ ಗೊತ್ತಾಗಲ್ವಾ?"

ಮಾನ ಉಳಿಸಿಕೊಳ್ಳಲು ಮೊಗೊರೊಸಿ ಮೊದಲು ಎಡಚಕ್ರ ಬಿಚ್ಚಿದ. ಬೇರಿಂಗು ಮದುಮಗಳ ಹಲ್ಲಿನಂತೆ ಹೊಳೆಯಿತು. ಬಲಗಡೆಯದು ಸುಟ್ಟು ನೀಲಿಯಾಗಿ, ಮೈತುಂಬ ಗುಳಿ! 'ಏನು ಕಿವಿಯಪ್ಪಾ ಇವಳದು!' ಎಂದು ಮನಸ್ಸು ಅಡ್ಡಬಿತ್ತು. ಬಾಯಿ ಮಾತ್ರ, "ನನಗೂ ಅದರ ಮೇಲೇ ಅನುಮಾನ ಇತ್ತು" ಎಂದಿತು.

ಹೊಸ ಬೇರಿಂಗು ಕೂತಿತು. ಸ್ಪರ್ಧೆಯ ದಿನ ಗಾಡಿ ಸೆರೋವೆಯವರೆಗೆ ಮೌನವ್ರತ ಹಿಡಿದವರಂತೆ ಓಡಿತು. ಮೊಗೊರೊಸಿ ಸಭಾಂಗಣದ ಮೂರನೇ ಸಾಲಿನಲ್ಲಿ ರಾಜಗಾಂಭೀರ್ಯದಿಂದ ಕೂತ.

ಬೊಸೆಲೆ ಕೈಯೆತ್ತಿದಳು. ಹನ್ನೆರಡು ಬಾಯಿಗಳಿಂದ ಹನ್ನೆರಡು ಬೇರೆ ಬೇರೆ 'ಡೋ', ಅಂದರೆ ಅವರ 'ಸ', ಹೊರಟವು! ತಂಡದ ಮುಂದಿನ ಸಾಲಿನ ದಪ್ಪ ಹೆಂಗಸು ಪಿಸುಗುಟ್ಟಿದಳು: "ಮ್ಮಾ, ಗಾಡಿ ಇವತ್ತು ಡೋ ಕೊಡ್ಲೇ ಇಲ್ಲ!"

ಆಗ ಮೊಗೊರೊಸಿಗೆ ಜ್ಞಾನೋದಯವಾಯಿತು. ತಂಡಕ್ಕೆ ಶ್ರುತಿ ಕೊಡುತ್ತಿದ್ದ ಉಕ್ಕಿನ ಶ್ರುತಿಕವೆ ಈಸ್ಟರಿನಲ್ಲೇ ಮುರಿದಿತ್ತು. ಅಂದಿನಿಂದ ಇವರೆಲ್ಲ ಶ್ರುತಿ ಹಿಡಿಯುತ್ತಿದ್ದದ್ದು ಎಂಬತ್ತರಲ್ಲಿ ಓಡುವ ತನ್ನ ಪಿಕಪ್ಪಿನಿಂದ! ಗಾಡಿಯನ್ನು ದಾರಿಗೆ ತಂದವನೇ ತಂಡದ ಶ್ರುತಿ ತಪ್ಪಿಸಿದ್ದ.

ತೀರ್ಪುಗಾರ ಗಡಿಯಾರ ನೋಡಿದ. ಬೊಸೆಲೆ ಮೂರನೇ ಸಾಲು ನೋಡಿದಳು.

"ರ್ರಾ, ಎದ್ದೇಳಿ. ಎಂಬತ್ತು ಕೊಡಿ."

ಇಡೀ ಸಭೆ ಇವನತ್ತ ತಿರುಗಿತು. ಮೊಗೊರೊಸಿ ಟೋಪಿ ಎದೆಗೊತ್ತಿಕೊಂಡು ಎದ್ದು, "ಗುಂಂಂಂ..." ಎಂದ.

"ಅದು ಅರವತ್ತು! ಇನ್ನೂ ಒತ್ತಿ!"

ಅವನು ಬಲಗಾಲನ್ನು ನೆಲಕ್ಕೆ ಬಲವಾಗಿ ಒತ್ತಿದ. ಎಂಬತ್ತು ಬಂತು! ಆ ಗುಂಗಿನ ಮೇಲೆ ಹನ್ನೆರಡು ಕಂಠಗಳು ಒಂದಾಗಿ ಎದ್ದವು ನೋಡಿ, ಚಾವಣಿಯ ತಗಡು ಹಾರಿ ಪಕ್ಕದ ಜಿಲ್ಲೆಯಲ್ಲಿ ಬೀಳದಿದ್ದದ್ದೇ ಪುಣ್ಯ. ಮೊಗೊರೊಸಿಯ ಕಣ್ಣು ತುಂಬಿತು. ಗುಂಗು ನಿಲ್ಲಿಸುವುದೂ ಮರೆತುಹೋಯಿತು.

ಬಹುಮಾನದ ಬಟ್ಟಲು ಮಡಿಲಲ್ಲಿಟ್ಟುಕೊಂಡು ಮರಳುವಾಗ ಬೊಸೆಲೆ ಅವನ ಕುತ್ತಿಗೆಯನ್ನು ಮೆಲ್ಲಗೆ ತಟ್ಟಿದಳು.

"ಗಾಡಿಗೆ ಏನು ಬೇಕಾದ್ರೂ ಮಾಡ್ಕೊಳ್ಳಿ ರ್ರಾ. ಈ ಗಂಟಲು ಮಾತ್ರ ರಿಪೇರಿ ಮಾಡಿಸ್ಬೇಡಿ!"